ಫ್ರೀಲ್ಯಾನ್ಸ್ ಡೆವಲಪರ್ ಹಿಡಿದು ವ್ಯಾಪಾರದ ವೆಬ್‌ಸೈಟ್ ಮಾಡಿಸುವ ಕ್ರಮ: ಮೊದಲು ಕೀಲಿ, ಆಮೇಲೆ ಕೆಲಸ

ಅರ್ಧಕ್ಕೆ ನಿಂತ ಸೈಟುಗಳನ್ನು ರಿಪೇರಿ ಮಾಡಿಕೊಡುವುದು ನನ್ನ ಕೆಲಸದ ಒಂದು ಭಾಗ. ಬರುವವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ: ಮುಕ್ಕಾಲು ದುಡ್ಡು ಹೋಗಿದೆ, ಸೈಟು ಅರ್ಧ ಆಗಿದೆ, ಡೆವಲಪರ್ ಫೋನ್ ಎತ್ತುತ್ತಿಲ್ಲ. ಅಷ್ಟೇ ಆಗಿದ್ದರೆ ಇನ್ನೊಬ್ಬರನ್ನು ಹಿಡಿದು ಮುಗಿಸಬಹುದು. ನನ್ನ ಮುಂದಿನ ಪ್ರಶ್ನೆಗೇ ಅವರ ಮುಖ ಸಪ್ಪಗಾಗುವುದು. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಯಾರ ಅಕೌಂಟಿನಲ್ಲಿದೆ? "ಅವರೇ ತಗೊಂಡಿದ್ರು." ಹೋಸ್ಟಿಂಗ್, ಅಂದರೆ ಸೈಟು ಇಡುವ ಬಾಡಿಗೆ ಸರ್ವರ್? "ಅದೂ ಅವರೇ." ಅಡ್ಮಿನ್ ಪಾಸ್‌ವರ್ಡ್? ಉತ್ತರವಿಲ್ಲ. ಜುಟ್ಟು ಪೂರ್ತಿ ಇನ್ನೊಬ್ಬರ ಕೈಯಲ್ಲಿ.

ಇಂಥ ಕಡೆ ಡೆವಲಪರ್ ಮೋಸಗಾರರಾಗಿರುವುದನ್ನು ನಾನು ಕಂಡದ್ದು ಕಡಿಮೆ. ಕೆಲಸದ ಕ್ರಮ ತಲೆಕೆಳಗಾಗಿರುವುದೇ ಹೆಚ್ಚು. "ಎಷ್ಟಾಗುತ್ತೆ?" ಎಂಬಲ್ಲಿಂದ ಮಾತು ಶುರುವಾಗುತ್ತದೆ, ಬಣ್ಣ ಮತ್ತು ಲೋಗೋ ಚರ್ಚೆಯಾಗುತ್ತದೆ, ಮುಂಗಡ ಹೋಗುತ್ತದೆ. ಒಡೆತನದ ಮಾತು ಬರುವುದು ಜಗಳವಾದ ಮೇಲೆ. ಕೆಳಗಿನ ಕ್ರಮ ಇದಕ್ಕೆ ಉಲ್ಟಾ. ಬೇಸರವೆನಿಸಿದರೂ ಹಂತಗಳನ್ನು ಹಾರಬೇಡಿ, ಅದರಲ್ಲೂ 2 ಮತ್ತು 6ನೆಯದನ್ನು.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಹೆಚ್ಚೇನೂ ಬೇಡ. ವ್ಯಾಪಾರಕ್ಕೆಂದೇ ಮೀಸಲಾದ ಒಂದು ಇಮೇಲ್ ವಿಳಾಸ. ಅದು ನೌಕರರದ್ದೂ ಅಲ್ಲ, ಕಂಪ್ಯೂಟರ್ ಗೊತ್ತಿರುವ ನೆಂಟರದ್ದೂ ಅಲ್ಲ, ಮಾಲೀಕರದ್ದೇ ಆಗಿರಬೇಕು. ಬಿಟ್‌ವಾರ್ಡನ್‌ನಂಥ ಒಂದು ಪಾಸ್‌ವರ್ಡ್ ಮ್ಯಾನೇಜರ್. ನಿಮ್ಮದೇ ಹೆಸರಿನ ಕಾರ್ಡ್. ಇಬ್ಬರೂ ತೆರೆದು ಬರೆಯಬಹುದಾದ ಒಂದು ಆನ್‌ಲೈನ್ ಡಾಕ್ಯುಮೆಂಟ್. ಪಾಸ್‌ವರ್ಡ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

## ಹಂತ 1: ಡೆವಲಪರ್ ನಿಜಕ್ಕೂ ಬೇಕೇ ಎಂದು ತೀರ್ಮಾನಿಸಿ

ಸೈಟಿಗೆ ಬಂದವರು ಕೊನೆಗೆ ಏನು ಮಾಡಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಫೋನ್ ಮಾಡಬೇಕೇ, ಫಾರಂ ತುಂಬಬೇಕೇ, ಸಮಯ ಕಾದಿರಿಸಬೇಕೇ, ಅಲ್ಲೇ ದುಡ್ಡು ಕೊಟ್ಟು ಕೊಳ್ಳಬೇಕೇ? ಆ ವಾಕ್ಯ ಬರೆಯಲು ಆಗುತ್ತಿಲ್ಲವಾದರೆ ಯಾವ ಡೆವಲಪರ್ ಕೈಗೂ ಕೆಲಸ ಕೊಡುವ ಹೊತ್ತು ಇನ್ನೂ ಬಂದಿಲ್ಲ.

ಪರಿಚಯ, ಸೇವೆಗಳು, ವಿಳಾಸ, ಒಂದು ಫಾರಂ, ಇಷ್ಟೇ ಸಾಕು ಎನ್ನುವವರು ಕೋಡ್ ಬರೆಯದೆ ಸೈಟು ಕಟ್ಟಬಹುದಾದ ವಿಕ್ಸ್ ಅಥವಾ ಸ್ಕ್ವೇರ್‌ಸ್ಪೇಸ್‌ನಲ್ಲಿ ತಾವೇ ಮಾಡಿಕೊಳ್ಳಬಹುದು. ಮಾಮೂಲಿ ಆನ್‌ಲೈನ್ ಅಂಗಡಿಗೆ ಶಾಪಿಫೈ ಇದೆ. ಡೆವಲಪರ್ ಬೇಕಾಗುವುದು ಬೇರೆ ಸಾಫ್ಟ್‌ವೇರ್ ಜೊತೆ ಜೋಡಣೆ, ವಿಶೇಷ ಲೆಕ್ಕಾಚಾರ, ಸದಸ್ಯರ ಲಾಗಿನ್, ನೂರಾರು ಪುಟಗಳ ಹಳೆಯ ಸೈಟಿನ ಸ್ಥಳಾಂತರ, ಇಂಥವು ಇದ್ದಾಗ. ಇಲ್ಲವೇ ಕೂತು ಮಾಡಿಕೊಳ್ಳಲು ನಿಮಗೆ ಪುರುಸೊತ್ತೇ ಇಲ್ಲದಾಗ. ಹೀಗೆ ಹೇಳಿ ನಾನು ಕೆಲಸ ಕಳೆದುಕೊಂಡದ್ದೂ ಉಂಟು, ಇರಲಿ.

## ಹಂತ 2: ಕೀಲಿಗಳನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ

ಯಾರನ್ನೂ ಸಂಪರ್ಕಿಸುವ ಮೊದಲೇ ಇದು ಮುಗಿದಿರಬೇಕು.

ಡೊಮೇನನ್ನು ನೀವೇ ಕೊಳ್ಳಿ. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಕಂಪನಿಯ, ತಾಣದಲ್ಲಿ ವ್ಯಾಪಾರದ ಇಮೇಲ್ ಕೊಟ್ಟು ಅಕೌಂಟ್ ತೆರೆದು, ನೋಂದಣಿದಾರರ ಜಾಗದಲ್ಲಿ ನಿಮ್ಮ ಅಥವಾ ಸಂಸ್ಥೆಯ ಹೆಸರು ಹಾಕಿ. ಎರಡು ಹಂತದ ಲಾಗಿನ್ ಮತ್ತು ತಾನಾಗಿ ನವೀಕರಣ, ಎರಡನ್ನೂ ಆನ್ ಮಾಡಿ. ಡಾಟ್ ಕಾಮ್‌ನಂಥ ಹೆಸರುಗಳನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಕಾರ್ಡ್ ಅವಧಿ ಮುಗಿದು ನವೀಕರಣ ತಪ್ಪಿದರೆ ಸೈಟಿನ ಜೊತೆ ಆ ಡೊಮೇನಿನ ಇಮೇಲೂ ನಿಲ್ಲುತ್ತದೆ. ರಿಜಿಸ್ಟ್ರಾರ್ ಕಳಿಸುವ ಎಚ್ಚರಿಕೆಯ ಪತ್ರವೂ ಅದೇ ಇಮೇಲಿಗೆ ಬರುವಂತಿದ್ದರೆ ನಿಮಗೆ ಸುಳಿವೇ ಸಿಗುವುದಿಲ್ಲ. ಹಾಗಾಗಿ ರಿಜಿಸ್ಟ್ರಾರ್ ಅಕೌಂಟಿಗೆ ಕೊಡುವ ವ್ಯಾಪಾರದ ಇಮೇಲ್ ಇದೇ ಡೊಮೇನಿನದ್ದಾಗಿರದೆ, ಜಿಮೇಲ್‌ನಂಥ ಬೇರೆ ಡೊಮೇನಿನದ್ದಾಗಿರಲಿ.

ಡೊಮೇನ್ ಈಗಾಗಲೇ ಇದ್ದರೆ, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ತಾಣದಲ್ಲಿ ಹೆಸರು ಹಾಕಿ ನೋಡಿ. ಮಾಲೀಕರ ವಿವರ ಮುಚ್ಚಿರಬಹುದು, ಆದರೆ ರಿಜಿಸ್ಟ್ರಾರ್ ಯಾರು, ಅವಧಿ ಎಂದು ಮುಗಿಯುತ್ತದೆ ಎಂಬುದು ಕಾಣುತ್ತದೆ. ಆ ರಿಜಿಸ್ಟ್ರಾರ್ ತಾಣಕ್ಕೆ ಲಾಗಿನ್ ಆಗಲು ನಿಮಗೆ ಆಗುತ್ತಿಲ್ಲವೆಂದರೆ ಡೊಮೇನ್ ಸದ್ಯಕ್ಕೆ ನಿಮ್ಮ ಕೈಯಲ್ಲಿಲ್ಲ. ಹಳೆಯ ಡೆವಲಪರ್ ಜೊತೆ ಸಂಬಂಧ ಚೆನ್ನಾಗಿರುವಾಗಲೇ ಅದನ್ನು ನಿಮ್ಮ ಅಕೌಂಟಿಗೆ ವರ್ಗಾಯಿಸಿಕೊಳ್ಳಿ. ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಹೆಸರನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಅದನ್ನೂ ಲೆಕ್ಕದಲ್ಲಿಡಿ.

ಹೋಸ್ಟಿಂಗ್, ಸೈಟಿನ ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್, ಗೂಗಲ್ ಹುಡುಕಾಟದಲ್ಲಿ ಸೈಟು ಹೇಗೆ ಕಾಣುತ್ತದೆಂದು ತಿಳಿಸುವ ಸರ್ಚ್ ಕನ್ಸೋಲ್, ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್, ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ, ಇವೆಲ್ಲಕ್ಕೂ ಒಂದೇ ನಿಯಮ: ಮಾಲೀಕರು ನೀವು, ಡೆವಲಪರ್ ನೀವು ಸೇರಿಸಿಕೊಂಡ ಬಳಕೆದಾರರು. ಬಹುತೇಕ ಸೇವೆಗಳಲ್ಲಿ ಇನ್ನೊಬ್ಬರನ್ನು ಅವರದೇ ಇಮೇಲ್ ಮೂಲಕ ಸೇರಿಸುವ ಸೌಲಭ್ಯವಿದೆ, ನಿಮ್ಮ ಪಾಸ್‌ವರ್ಡ್ ಕೊಡಬೇಕಾಗಿಯೇ ಇಲ್ಲ. ಯಾವ ಹೋಸ್ಟಿಂಗ್ ಪ್ಲಾನ್ ಬೇಕೆಂಬುದು ಡೆವಲಪರ್ ಸಿಕ್ಕಮೇಲೆ ತಿಳಿಯುವ ವಿಷಯ. ಅವರು ಹೇಳಲಿ, ಕೊಳ್ಳುವುದು ನಿಮ್ಮ ಕಾರ್ಡಿನಿಂದಾಗಲಿ.

"ನನ್ನ ಸರ್ವರ್‌ನಲ್ಲೇ ಹಾಕಿಕೊಡ್ತೀನಿ, ನಿಮಗೆ ಯಾಕೆ ತಲೆನೋವು" ಎಂದು ಪ್ರೀತಿಯಿಂದಲೇ ಹೇಳುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಅವರು ಕಾಯಿಲೆ ಬಿದ್ದರೆ, ಬೇರೆ ಉದ್ಯೋಗಕ್ಕೆ ಹೋದರೆ, ಅವರ ಸರ್ವರ್ ಬಿಲ್ ಕಟ್ಟುವುದು ತಪ್ಪಿದರೆ ಕತ್ತಲಾಗುವುದು ನಿಮ್ಮ ಅಂಗಡಿ.

## ಹಂತ 3: ಎರಡು ಪುಟದ ಬೇಡಿಕೆ ಪತ್ರ ಬರೆಯಿರಿ

"ಚೆನ್ನಾಗಿರೋ ಒಂದು ವೆಬ್‌ಸೈಟ್ ಬೇಕು, ಎಷ್ಟಾಗುತ್ತೆ?" ಎಂದು ಐದು ಜನರನ್ನು ಕೇಳಿದರೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಮೊತ್ತ ಬರುತ್ತದೆ. ಅವರಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ಮೂಡಿದ ಸೈಟಿಗೆ ಬೆಲೆ ಹೇಳಿರುತ್ತಾರೆ.

ಪತ್ರದಲ್ಲಿ ಇವು ಇರಲಿ: ಹಂತ 1ರ ವಾಕ್ಯ, ಪುಟಗಳ ಪಟ್ಟಿ, ಹೆಸರು ಸಮೇತ, ಪ್ರತಿ ಪುಟದಲ್ಲಿ ಏನಿರುತ್ತದೆ ಎಂಬುದರ ಎರಡು ಸಾಲು, ಪಠ್ಯ ಮತ್ತು ಫೋಟೊ ಯಾರು ಕೊಡುತ್ತಾರೆ, ಮುಗಿದ ಮೇಲೆ ಯಾರು, ಏನನ್ನು, ಎಷ್ಟು ಸಲ ಬದಲಿಸುತ್ತಾರೆ, ಯಾವ ಹೊರಗಿನ ಸೇವೆಗಳಿಗೆ ಜೋಡಿಸಬೇಕು, ಎಷ್ಟು ಭಾಷೆ, ಮುಗಿಯಬೇಕಾದ ದಿನಾಂಕ, ಕೊಡಬಲ್ಲ ಮೊತ್ತದ ಕೆಳಮಿತಿ, ಮೇಲ್ಮಿತಿ. ಬಜೆಟ್ ಹೇಳಿದರೆ ಅಷ್ಟನ್ನೂ ಕಿತ್ತುಕೊಳ್ಳುತ್ತಾರೆ ಎಂಬ ಭಯ ಸಹಜ. ಆದರೆ ಹೇಳದಿದ್ದರೆ ಒಳ್ಳೆಯ ಡೆವಲಪರ್‌ಗಳು ಉತ್ತರಿಸುವುದೇ ಇಲ್ಲ, ಅವರಿಗೆ ಅಷ್ಟು ಬಿಡುವಿರುವುದಿಲ್ಲ.

ಇಷ್ಟವಾದ ಮೂರು ಸೈಟುಗಳನ್ನು ಸೇರಿಸಿ, ಪ್ರತಿಯೊಂದರಲ್ಲೂ ಇಷ್ಟವಾದದ್ದೇನು ಎಂದು ಒಂದು ಸಾಲು ಬರೆಯಿರಿ. "ಬೆಲೆಪಟ್ಟಿ ಒಂದೇ ನೋಟಕ್ಕೆ ಅರ್ಥವಾಗುತ್ತದೆ" ಎಂಬುದು ಉಪಯೋಗದ ಮಾತು, "ಲುಕ್ ಚೆನ್ನಾಗಿದೆ" ಎಂಬುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅಷ್ಟೇ ಮುಖ್ಯವಾಗಿ, ಈ ಸುತ್ತಿನಲ್ಲಿ ಬೇಡವಾದದ್ದನ್ನೂ ಬರೆಯಿರಿ: ಆ್ಯಪ್ ಬೇಡ, ಬ್ಲಾಗ್ ಬೇಡ, ಹೀಗೆ. ಮುಂದೆ ಕೆಲಸ ಹಿಗ್ಗುತ್ತಾ ಹೋಗುವುದನ್ನು ತಡೆಯುವ ಬೇಲಿ ಇದು.

## ಹಂತ 4: ಹುಡುಕಿ, ಸೋಸಿ

ನಿಮ್ಮಂಥದ್ದೇ ವ್ಯಾಪಾರ ಮಾಡುವವರ ಸೈಟು ಚೆನ್ನಾಗಿದ್ದರೆ ಮಾಡಿದ್ದು ಯಾರೆಂದು ಕೇಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಇಲ್ಲವಾದರೆ ಫ್ರೀಲ್ಯಾನ್ಸ್ ಕೆಲಸಗಾರರು ಸಿಗುವ ಅಪ್‌ವರ್ಕ್‌ನಂಥ ವೇದಿಕೆಗಳಿವೆ. ಅಲ್ಲಿ ಅರ್ಜಿಗಳ ಸುರಿಮಳೆಯಾಗುತ್ತದೆ, ಅದಕ್ಕೊಂದು ಜರಡಿ ಬೇಕು. ಬೇಡಿಕೆ ಪತ್ರದ ನಡುವೆ ಒಂದು ಪುಟ್ಟ ಪ್ರಶ್ನೆ ಇಡಿ: "ನಮ್ಮ ಪುಟಗಳ ಪಟ್ಟಿಯಲ್ಲಿ ನಿಮಗೆ ಅನವಶ್ಯಕ ಎನಿಸಿದ್ದು ಯಾವುದು?" ಓದದೆ ಕಳಿಸಿದ ಅರ್ಜಿಗಳೆಲ್ಲ ಅಲ್ಲೇ ಉದುರುತ್ತವೆ.

ಉಳಿದವರ ಹಳೆಯ ಕೆಲಸ ನೋಡಿ. ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ, ಇವತ್ತು ನಡೆಯುತ್ತಿರುವ ಸೈಟುಗಳ ವಿಳಾಸ ಕೇಳಿ. ಮೊಬೈಲ್‌ನಲ್ಲಿ, ವೈಫೈ ಆರಿಸಿ ತೆರೆಯಿರಿ. ಮೆನು ಒತ್ತಿ, ಫಾರಂ ಹುಡುಕಿ. ಆಮೇಲೆ ಸೈಟಿನ ವೇಗ ಅಳೆಯುವ, ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಆ ವಿಳಾಸ ಹಾಕಿ ನೋಡಿ. ಪ್ರತಿ ಸೈಟಿನ ಬಗ್ಗೆ ಕೇಳಿ: ಇದರಲ್ಲಿ ನೀವು ಮಾಡಿದ ಭಾಗ ಯಾವುದು? ಡಿಸೈನೋ, ಕೋಡೋ, ರೆಡಿಮೇಡ್ ಥೀಮಿಗೆ, ಅಂದರೆ ಮೊದಲೇ ಸಿದ್ಧವಿರುವ ವಿನ್ಯಾಸಕ್ಕೆ, ಬಣ್ಣ ಬದಲಿಸಿದ್ದೋ? ಥೀಮ್ ಬಳಸುವುದು ತಪ್ಪೇನಲ್ಲ, ಅದನ್ನು ಮುಚ್ಚಿಡುವುದು ತಪ್ಪು.

ಹಳೆಯ ಗ್ರಾಹಕರಲ್ಲಿ ಇಬ್ಬರೊಂದಿಗಾದರೂ ಮಾತಾಡಿ. "ಕೆಲಸ ಚೆನ್ನಾಗಿತ್ತಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಕೆಲಸ ಮುಗಿದ ಆರು ತಿಂಗಳ ಮೇಲೆ ಏನಾದರೂ ಕೆಟ್ಟಾಗ ಏನಾಯಿತು?" ಎಂದು ಕೇಳಿ.

ನಾನಾದರೆ ಈ ಸೂಚನೆಗಳನ್ನು ಕಂಡ ಕೂಡಲೇ ಹಿಂದೆ ಸರಿಯುತ್ತೇನೆ:

- ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ ಎನ್ನುವುದು. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ.
- ಒಂದೂ ಪ್ರಶ್ನೆ ಕೇಳದೆ ಬೆಲೆ ಮತ್ತು ದಿನಾಂಕ ಹೇಳಿಬಿಡುವುದು.
- ವೇದಿಕೆಯಲ್ಲಿ ಸಿಕ್ಕವರು "ಹೊರಗಡೆ ಮಾಡ್ಕೊಳ್ಳೋಣ, ಕಮಿಷನ್ ಉಳಿಯುತ್ತೆ" ಎನ್ನುವುದು. ಉಳಿಯುವುದು ಕಮಿಷನ್, ಹೋಗುವುದು ನಿಮ್ಮ ಹಣದ ರಕ್ಷಣೆ.
- ಪಾವತಿ ಪೂರ್ತಿ ಮುಂಗಡ ಬೇಕೆನ್ನುವುದು.
- "ಕೋಡ್ ಯಾರದ್ದಾಗುತ್ತದೆ?" ಎಂದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು.

ಮಾತುಕತೆಗೆ ಮೊದಲು ಉತ್ಸಾಹದಿಂದ ಒಂದು ದಿನದಲ್ಲಿ ಉತ್ತರಿಸುತ್ತಿದ್ದವರು ಒಪ್ಪಂದದ ಮಾತು ಬಂದಾಗ ನಾಲ್ಕು ದಿನ ತೆಗೆದುಕೊಂಡರೆ, ಅದನ್ನೂ ಗಮನಿಸಿ.

## ಹಂತ 5: ಸಣ್ಣ ಕೆಲಸ ಕೊಟ್ಟು ನೋಡಿ, ದುಡ್ಡು ಕೊಟ್ಟೇ

ಒಂದೇ ಒಂದು ಪುಟ ಕಟ್ಟಿಸಿ, ಅಥವಾ ಹಳೆಯ ಸೈಟಿನ ಒಂದು ದೋಷ ಸರಿಮಾಡಿಸಿ. ಪುಕ್ಕಟೆ ಸ್ಯಾಂಪಲ್ ಕೇಳಬೇಡಿ, ಒಳ್ಳೆಯವರು ಕೊಡುವುದಿಲ್ಲ. ಇಲ್ಲಿ ನೋಡಬೇಕಾದದ್ದು ಮೂರು: ಹೇಳಿದ ದಿನಕ್ಕೆ ಕೊಟ್ಟರೇ, ಅರ್ಥವಾಗದ್ದನ್ನು ಕೇಳಿದರೇ, ತಪ್ಪು ತೋರಿಸಿದಾಗ ಹೇಗೆ ನಡೆದುಕೊಂಡರು.

## ಹಂತ 6: ಒಪ್ಪಂದ ಬರಹದಲ್ಲಿರಲಿ

ಗೆಳೆಯರಾಗಿದ್ದರೆ ಇನ್ನೂ ಕಡ್ಡಾಯವಾಗಿ. ದೊಡ್ಡ ಮೊತ್ತವಿದ್ದರೆ ವಕೀಲರಿಗೆ ತೋರಿಸಿ. ಸಣ್ಣ ಕೆಲಸಕ್ಕೆ ಎರಡು ಪುಟದ ಸರಳ ಪತ್ರ, ಇಬ್ಬರ ಸಹಿ, ಜೊತೆಗೆ ಹಂತ 3ರ ಬೇಡಿಕೆ ಪತ್ರ ಲಗತ್ತಾಗಿದ್ದರೆ ಸಾಕು.

ಹಕ್ಕು: ದುಡ್ಡು ಕೊಟ್ಟವರದ್ದೇ ಕೋಡ್ ಎಂದು ಬಹಳ ಜನ ನಂಬಿದ್ದಾರೆ. ಹಲವು ದೇಶಗಳ ಕಾನೂನಿನಲ್ಲಿ, ಸ್ವತಂತ್ರವಾಗಿ ದುಡಿಯುವವರು ಬರೆದದ್ದರ ಕಾಪಿರೈಟ್ ಬರಹದಲ್ಲಿ ವರ್ಗಾಯಿಸುವವರೆಗೂ ಬರೆದವರ ಬಳಿಯೇ ಉಳಿಯುತ್ತದೆ. "ಪೂರ್ತಿ ಪಾವತಿಯಾದ ಕೂಡಲೇ ಡಿಸೈನ್, ಕೋಡ್, ಮೂಲ ಕಡತಗಳ ಕಾಪಿರೈಟ್ ಗ್ರಾಹಕರಿಗೆ ವರ್ಗವಾಗುತ್ತದೆ" ಎಂಬ ಸಾಲು ಇರಲೇಬೇಕು. ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಂಥ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ) ಭಾಗಗಳು ಅವುಗಳ ಲೈಸೆನ್ಸ್‌ಗೆ ಒಳಪಟ್ಟೇ ಇರುತ್ತವೆ, ಅದು ಸಹಜ.

ಲೈಸೆನ್ಸ್: ಕೊಳ್ಳುವ ಥೀಮ್, ಪ್ಲಗಿನ್ (ಸೈಟಿಗೆ ಸೌಲಭ್ಯ ಸೇರಿಸುವ ಪುಟ್ಟ ಸಾಫ್ಟ್‌ವೇರ್), ಫಾಂಟ್, ಫೋಟೊ ಎಲ್ಲವೂ ನಿಮ್ಮ ಹೆಸರಿನಲ್ಲಿರಲಿ. ಡೆವಲಪರ್ ತಮ್ಮ ಲೈಸೆನ್ಸ್ ಬಳಸಿದರೆ, ಅವರು ನವೀಕರಿಸುವುದನ್ನು ನಿಲ್ಲಿಸಿದ ದಿನ ನಿಮ್ಮ ಸೈಟಿಗೆ ಅಪ್‌ಡೇಟ್ ನಿಲ್ಲುತ್ತದೆ. ಬೀಗ ಒಡೆದ ಥೀಮ್‌ಗಳನ್ನು, ಅಂದರೆ ನಲ್ಡ್ ಥೀಮ್‌ಗಳನ್ನು, ಬಳಸಕೂಡದೆಂದು ಸ್ಪಷ್ಟವಾಗಿ ಬರೆಯಿರಿ. ಅವುಗಳಲ್ಲಿ ಎಷ್ಟೋ ಸಲ ಮಾಲ್‌ವೇರ್ ಅಡಗಿರುತ್ತದೆ. ಹ್ಯಾಕ್ ಆದ ಸೈಟು ಕೈಗೆ ಬಂದಾಗ ನಾನು ಮೊದಲು ಹುಡುಕುವುದೇ ಅದನ್ನು.

ಪಾವತಿ: ದಿನಾಂಕಕ್ಕೆ ಕಟ್ಟಬೇಡಿ, ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟಿ. ನಾನು ಸಲಹೆ ಕೊಡುವ ಹಂಚಿಕೆ ಹೀಗಿದೆ: ಶುರುವಿಗೆ ಶೇ 25, ಡಿಸೈನ್ ಒಪ್ಪಿದಾಗ ಶೇ 25, ಪರೀಕ್ಷಾ ತಾಣದಲ್ಲಿ (ಜನರಿಗೆ ಬಿಡುವ ಮೊದಲು ನೋಡುವ ಪ್ರತಿಯಲ್ಲಿ) ಪೂರ್ತಿ ಸೈಟು ಓಡಿದಾಗ ಶೇ 30, ಹಸ್ತಾಂತರ ಮುಗಿದ ಮೇಲೆ ಶೇ 20. ಅಪ್‌ವರ್ಕ್‌ನ ನಿಗದಿತ ಬೆಲೆಯ ಒಪ್ಪಂದದಲ್ಲಿ ಹಣ ಮೊದಲೇ ಎಸ್ಕ್ರೋದಲ್ಲಿ, ಅಂದರೆ ಕೆಲಸ ಒಪ್ಪುವವರೆಗೆ ವೇದಿಕೆಯ ವಶದಲ್ಲಿ, ಕೂರುತ್ತದೆ. ಆದರೆ ಕೆಲಸ ಒಪ್ಪಿಸಿದ 14 ದಿನದೊಳಗೆ ನೀವು ಉತ್ತರಿಸದಿದ್ದರೆ ಹಣ ತಾನಾಗಿ ಬಿಡುಗಡೆಯಾಗುತ್ತದೆ. "ಆಮೇಲೆ ನೋಡಿದರಾಯ್ತು" ಎಂದು ಸುಮ್ಮನಿರಬೇಡಿ.

ಉಳಿದ ಷರತ್ತುಗಳು ಚಿಕ್ಕವು: ಎಷ್ಟು ಸುತ್ತಿನ ತಿದ್ದುಪಡಿ ಬೆಲೆಯೊಳಗೆ ಸೇರಿದೆ, ಹೆಚ್ಚಿನದಕ್ಕೆ ಗಂಟೆಯ ದರವೆಷ್ಟು, ಸೈಟನ್ನು ಜನರಿಗೆ ಬಿಟ್ಟ ಮೇಲೆ ಎಷ್ಟು ದಿನ ದೋಷಗಳನ್ನು ಉಚಿತವಾಗಿ ಸರಿಪಡಿಸುತ್ತಾರೆ, ಯಾವ ಪಕ್ಷ ಎಷ್ಟು ದಿನ ಮೌನವಾಗಿದ್ದರೆ ಒಪ್ಪಂದ ಮುರಿದಂತೆ. ಕೊನೆಯದು ಎರಡೂ ಕಡೆಗೆ ಅನ್ವಯಿಸಲಿ, ಕಾಣೆಯಾಗುವ ಗ್ರಾಹಕರೂ ಕಡಿಮೆಯೇನಿಲ್ಲ.

## ಹಂತ 7: ಪಠ್ಯ, ಫೋಟೊ ಮೊದಲೇ ಸಿದ್ಧಮಾಡಿ

ಕೆಲಸ ತಡವಾಗಲು ದೊಡ್ಡ ಕಾರಣ ಡೆವಲಪರ್ ಅಲ್ಲ, ನೀವು. ಇದನ್ನು ಕೇಳಲು ಯಾರಿಗೂ ಇಷ್ಟವಿರುವುದಿಲ್ಲ. "ನಮ್ಮ ಬಗ್ಗೆ" ಪುಟದ ನಾಲ್ಕು ಪ್ಯಾರಾ ಬರದೆ ಎರಡು ತಿಂಗಳು ನಿಂತ ಸೈಟು ನೋಡಿದ್ದೇನೆ.

ಪ್ರತಿ ಪುಟಕ್ಕೊಂದು ಫೋಲ್ಡರ್ ಮಾಡಿ, ಅದರಲ್ಲಿ ಪಠ್ಯ ಮತ್ತು ಚಿತ್ರ ಇಡಿ. ಗೂಗಲ್ ಇಮೇಜಸ್‌ನಿಂದ ಎತ್ತಿದ ಫೋಟೊ ಬೇಡ, ಅವುಗಳಿಗೂ ಮಾಲೀಕರಿದ್ದಾರೆ. ನಿಮ್ಮ ಫೋಟೊಗಳ ಮೂಲ ಪ್ರತಿ ಕೊಡಿ, ಅದನ್ನು ಕುಗ್ಗಿಸುವುದು ಡೆವಲಪರ್ ಕೆಲಸ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಮೊದಲೇ ಕುಗ್ಗಿಸಿಬಿಡುತ್ತದೆ, ಡ್ರೈವ್‌ನಲ್ಲಿ ಹಾಕಿ.

## ಹಂತ 8: ನಡೆಯುತ್ತಿರುವಾಗ ಕಣ್ಣಿಡುವ ಬಗೆ

ಎರಡನೇ ವಾರದೊಳಗೆ ಪರೀಕ್ಷಾ ತಾಣದ ಲಿಂಕ್ ನಿಮ್ಮ ಕೈಗೆ ಬಂದಿರಬೇಕು. ಕೋಡನ್ನೂ ಅದರ ಬದಲಾವಣೆಗಳನ್ನೂ ಕಾಪಿಡುವ ಗಿಟ್‌ಹಬ್ ತಾಣದಲ್ಲಿ, ನಿಮ್ಮದೇ ಅಕೌಂಟಿಗೆ ಕೋಡ್ ಬೀಳುತ್ತಿದ್ದರೆ ಇನ್ನೂ ಒಳ್ಳೆಯದು, ಕೋಡ್ ಓದಲು ಬಾರದಿದ್ದರೂ ಕೊನೆಯ ಬದಲಾವಣೆ ಎಂದು ಆಯಿತೆಂಬುದು ಯಾರಿಗಾದರೂ ಕಾಣುತ್ತದೆ. "90 ಪರ್ಸೆಂಟ್ ಮುಗಿದಿದೆ, ಒಟ್ಟಿಗೇ ತೋರಿಸ್ತೀನಿ" ಎಂಬುದು ಅಪಾಯದ ಗಂಟೆ.

ತಿದ್ದುಪಡಿಗಳನ್ನು ವಾರಕ್ಕೊಮ್ಮೆ, ಒಂದೇ ಡಾಕ್ಯುಮೆಂಟಿನಲ್ಲಿ, ಪುಟದ ಹೆಸರು ಮತ್ತು ಸ್ಕ್ರೀನ್‌ಶಾಟ್ ಸಹಿತ ಕೊಡಿ. ರಾತ್ರಿ ಹನ್ನೊಂದಕ್ಕೆ ಕಳಿಸಿದ ವಾಯ್ಸ್ ಮೆಸೇಜ್ ಕಳೆದುಹೋಗುತ್ತದೆ. ನಿಮ್ಮ ಕಡೆಯಿಂದ ಹೇಳುವವರು ಒಬ್ಬರೇ ಇರಲಿ. ಪಾಲುದಾರರು ಒಂದು ಹೇಳಿ, ನಿಮ್ಮ ತಮ್ಮ ಇನ್ನೊಂದು ಹೇಳಿದರೆ ತಿದ್ದುಪಡಿಯ ಸುತ್ತುಗಳು ಅಲ್ಲೇ ಖರ್ಚಾಗುತ್ತವೆ.

## ಹಂತ 9: ಬಿಡುವ ಮೊದಲು ನೀವೇ ಪರೀಕ್ಷಿಸಿ

ಫಾರಂನಿಂದ ಶುರು ಮಾಡಿ, ಎಲ್ಲಕ್ಕಿಂತ ಹೆಚ್ಚು ಸಲ ಕೈಕೊಡುವುದು ಅದೇ. "ಧನ್ಯವಾದ, ನಿಮ್ಮ ಸಂದೇಶ ತಲುಪಿದೆ" ಎಂದು ಪರದೆಯ ಮೇಲೆ ಬರುತ್ತದೆ, ಇಮೇಲ್ ಬಂದಿರುವುದೇ ಇಲ್ಲ. ತಿಂಗಳುಗಟ್ಟಲೆ ಗ್ರಾಹಕರು ಬರೆದದ್ದೆಲ್ಲ ಗಾಳಿಗೆ ಹೋಗಿರುತ್ತದೆ. ಸಾಮಾನ್ಯ ಕಾರಣ ಎರಡು. ಸರ್ವರ್ ನೇರವಾಗಿ ಕಳಿಸುವ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ. ಅದನ್ನು ಎಸ್‌ಎಂಟಿಪಿ ಸೇವೆಯ, ಅಂದರೆ ಲಾಗಿನ್ ಆಗಿ ಮೇಲ್ ಕಳಿಸುವ ಸೇವೆಯ, ಮೂಲಕ ಕಳಿಸಬೇಕು. ಇನ್ನೊಂದು, ಫಾರಂ ತುಂಬಿದವರ ವಿಳಾಸವನ್ನೇ "ಕಳಿಸಿದವರು" ಎಂದು ಹಾಕುವುದು. ಆ ಡೊಮೇನಿನ ಪರವಾಗಿ ಮೇಲ್ ಕಳಿಸಲು ನಿಮ್ಮ ಸರ್ವರ್‌ಗೆ ಅನುಮತಿಯಿಲ್ಲದ್ದರಿಂದ ಮೇಲ್ ತಿರಸ್ಕಾರವಾಗಬಹುದು. ಕಳಿಸಿದವರ ಜಾಗದಲ್ಲಿ ನಿಮ್ಮ ಡೊಮೇನಿನ ವಿಳಾಸ, "ಉತ್ತರಿಸಬೇಕಾದ ವಿಳಾಸ"ದ ಜಾಗದಲ್ಲಿ ಗ್ರಾಹಕರದ್ದು ಇರಬೇಕು. ಮೇಲ್ ನಿಜಕ್ಕೂ ನಿಮ್ಮ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳು ಡಿಎನ್‌ಎಸ್‌ನಲ್ಲಿ (ಡೊಮೇನಿನ ಸೈಟು, ಮೇಲ್ ಎಲ್ಲಿವೆ ಎಂದು ಹೇಳುವ ವ್ಯವಸ್ಥೆಯಲ್ಲಿ) ಇವೆಯೇ ಎಂದು ಡೆವಲಪರನ್ನು ಕೇಳಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಮೂರು ಬೇರೆ ಬೇರೆ ವಿಳಾಸಗಳಿಂದ ಫಾರಂ ತುಂಬಿ ನೋಡಿ. ಬಂದ ಸಂದೇಶದ ಒಂದು ಪ್ರತಿ ಸೈಟಿನ ಡೇಟಾಬೇಸಿನಲ್ಲೂ ಉಳಿಯುವಂತೆ ಮಾಡಿಸಿ.

ಆಮೇಲೆ ವೇಗ. ಗೂಗಲ್ ಒಳ್ಳೆಯದೆಂದು ಎಣಿಸುವ ಮಿತಿಗಳು ಇವು: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಲೋಡ್ ಆಗುವಾಗ ಪುಟ ಕುಣಿಯುವ ಅಳತೆ 0.1 ಮೀರಬಾರದು. ಮೀರಿದ್ದರೆ ಮೊದಲು ಫೋಟೊಗಳನ್ನು ನೋಡಿ, ಫೋನಿನ 5 ಎಂಬಿ ಚಿತ್ರ ಹಾಗೇ ಕೂತಿರುತ್ತದೆ.

ಅಗ್ಗದ ಫೋನ್‌ನಲ್ಲಿ, ಬಿಸಿಲಿನಲ್ಲಿ ನಿಂತು ಓದಿ ನೋಡಿ. ಸಾಮಾನ್ಯ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕೆಂಬುದು ವೆಬ್ ಸುಲಭಲಭ್ಯತೆಯ ಮಾನದಂಡ, ತೆಳು ಬೂದು ಅಕ್ಷರಗಳು ಅಲ್ಲಿ ಸೋಲುತ್ತವೆ. ಹಣ ಪಾವತಿ ಇದ್ದರೆ ಕಾರ್ಡ್ ವಿವರಗಳು ನಿಮ್ಮ ಸರ್ವರ್‌ನಲ್ಲಿ ಉಳಿಯದೆ ಗೇಟ್‌ವೇ ಬಳಿಯೇ ನಿಲ್ಲುತ್ತವೆಯೇ ಎಂದು ಖಚಿತಪಡಿಸಿಕೊಂಡು, ನಿಜವಾದ ಒಂದು ಸಣ್ಣ ಖರೀದಿ ಮತ್ತು ಅದರ ಮರುಪಾವತಿ ಎರಡನ್ನೂ ಮಾಡಿ ನೋಡಿ.

## ಹಂತ 10: ಸೈಟು ಬಿಡುವ ದಿನ

ಶುಕ್ರವಾರ ಸಂಜೆ ಬೇಡ.

ಹಿಂದಿನ ದಿನವೇ ಡಿಎನ್‌ಎಸ್ ದಾಖಲೆಗಳ ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಟ್ಟರೆ ಏನಾದರೂ ಎಡವಟ್ಟಾದಾಗ ಬೇಗ ಹಿಂದಿರುಗಬಹುದು. ದೊಡ್ಡ ಎಡವಟ್ಟು ಇಮೇಲಿನದು. ಸೈಟು ತೋರಿಸಲು, ಅದು ಯಾವ ಸರ್ವರ್‌ನಲ್ಲಿದೆ ಎಂದು ಹೇಳುವ "ಎ" ದಾಖಲೆ ಬದಲಿಸಿದರೆ ಸಾಕಾಗುವಲ್ಲಿ, ಎಲ್ಲ ದಾಖಲೆಗಳೂ ಇರುವ ನೇಮ್‌ಸರ್ವರನ್ನೇ ಬದಲಿಸಿಬಿಡುತ್ತಾರೆ. ಹೊಸ ಕಡೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳು ಇರುವುದಿಲ್ಲ, ಇಡೀ ಕಚೇರಿಯ ಮೇಲ್ ನಿಲ್ಲುತ್ತದೆ. ಬದಲಿಸುವ ಮೊದಲು ಎಲ್ಲ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ.

ಹಳೆಯ ಸೈಟಿದ್ದರೆ ಅದರ ಪ್ರತಿ ವಿಳಾಸವೂ ಹೊಸ ಪುಟಕ್ಕೆ 301 ರೀಡೈರೆಕ್ಟ್ ಆಗಬೇಕು, ಅಂದರೆ ಬಂದವರನ್ನು ಶಾಶ್ವತವಾಗಿ ಅಲ್ಲಿಗೆ ತಿರುಗಿಸಬೇಕು, ಇಲ್ಲದಿದ್ದರೆ ಹುಡುಕಾಟದಲ್ಲಿ ಗಳಿಸಿದ ಜಾಗ ಹೋಗುತ್ತದೆ. ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ, ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಟಿಕ್ ಇದೆ. ಕಟ್ಟುವಾಗ ಹಾಕಿರುತ್ತಾರೆ, ತೆಗೆಯಲು ಮರೆಯುತ್ತಾರೆ. ನೀವೇ ಹೋಗಿ ನೋಡಿ.

## ಹಂತ 11: ಹಸ್ತಾಂತರ, ಆಮೇಲೆ ಕೊನೆಯ ಕಂತು

ವರ್ಡ್‌ಪ್ರೆಸ್‌ನಲ್ಲಿ ನಿಮ್ಮ ಪಾತ್ರ ಅಡ್ಮಿನಿಸ್ಟ್ರೇಟರ್ ಎಂದಿರಬೇಕು. ಎಡಿಟರ್ ಎಂದಿದ್ದರೆ ಪುಟ ತಿದ್ದಬಹುದು, ಬೀಗದ ಕೈ ಇನ್ನೂ ಅವರ ಬಳಿಯೇ ಇದೆ. ಡಿಸೈನಿನ ಮೂಲ ಕಡತಗಳು, ಲೈಸೆನ್ಸ್ ಕೀಗಳು, ಯಾವ ಪ್ಲಗಿನ್ ಯಾಕಿದೆ ಎಂಬ ಒಂದು ಪುಟದ ಟಿಪ್ಪಣಿ, ನೀವು ಮಾಡಬೇಕಾದ ಕೆಲಸಗಳ ಸ್ಕ್ರೀನ್ ರೆಕಾರ್ಡಿಂಗ್, ಇವನ್ನು ಪಡೆಯಿರಿ. ರೆಕಾರ್ಡಿಂಗ್ ನೋಡಿಕೊಂಡು, ಅವರ ಸಹಾಯವಿಲ್ಲದೆ, ಒಂದು ಬೆಲೆಯನ್ನು ನೀವೇ ಬದಲಿಸಿ ನೋಡಿ.

ಬ್ಯಾಕಪ್ ಇದೆ ಎಂಬ ಮಾತನ್ನು ನಂಬಬೇಡಿ. ನಿಮ್ಮೆದುರೇ ಪರೀಕ್ಷಾ ತಾಣದಲ್ಲಿ ಅದರಿಂದ ಸೈಟನ್ನು ಮತ್ತೆ ಎಬ್ಬಿಸಿ ತೋರಿಸಲಿ. ಒಂದು ಪ್ರತಿ ಹೋಸ್ಟಿಂಗ್‌ನ ಹೊರಗೆ, ನಿಮ್ಮ ಬಳಿ ಇರಲಿ.

ಇಷ್ಟಾದ ಮೇಲೆ ಕೊನೆಯ ಕಂತು ಕೊಡಿ, ಅದೇ ದಿನ, ಸತಾಯಿಸದೆ. ದೋಷ ಸರಿಪಡಿಸುವ ಅವಧಿ ಮುಗಿದಾಗ, ಮುಂದಿನ ನಿರ್ವಹಣೆ ಅವರದ್ದಲ್ಲವಾದರೆ ಅವರ ಪ್ರವೇಶಗಳನ್ನು ಒಂದೊಂದಾಗಿ ತೆಗೆಯಿರಿ. ತೆಗೆಯುವ ಮೊದಲು ಒಂದು ಮಾತು ಹೇಳಿ.

## ಅಷ್ಟರಲ್ಲೇ ಅವರು ಕಾಣೆಯಾದರೆ

ಬೈದು ಸಂದೇಶ ಕಳಿಸುವ ಮೊದಲು ಬೇರೆ ಕೆಲಸವಿದೆ. ಹೋಸ್ಟಿಂಗ್‌ಗೆ ಲಾಗಿನ್ ಆಗಿ ಕಡತಗಳು ಮತ್ತು ಡೇಟಾಬೇಸ್ ಎರಡರ ಪೂರ್ತಿ ಬ್ಯಾಕಪ್ ಇಳಿಸಿಕೊಳ್ಳಿ. ಆಮೇಲೆ ರಿಜಿಸ್ಟ್ರಾರ್, ಹೋಸ್ಟಿಂಗ್, ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಇದೇ ಕ್ರಮದಲ್ಲಿ ಬದಲಿಸಿ. ನಂತರ ಒಪ್ಪಂದದಲ್ಲಿ ಬರೆದ ಮೌನದ ಅವಧಿಯನ್ನು ನೆನಪಿಸಿ, ಒಂದು ದಿನಾಂಕ ಕೊಟ್ಟು, ಸಿಟ್ಟಿಲ್ಲದ ಇಮೇಲ್ ಬರೆಯಿರಿ. ವೇದಿಕೆಯ ಮೂಲಕ ಆಗಿದ್ದರೆ ಅಲ್ಲೇ ತಕರಾರು ದಾಖಲಿಸಿ. ಆ ದಿನಾಂಕ ಕಳೆದರೆ ಬೇಡಿಕೆ ಪತ್ರ, ತಿದ್ದುಪಡಿಯ ಡಾಕ್ಯುಮೆಂಟ್, ಬ್ಯಾಕಪ್, ಈ ಮೂರನ್ನು ಹಿಡಿದು ಹಂತ 4ಕ್ಕೆ ಮರಳಿ. ಹೊಸಬರಿಗೆ ಮೊದಲ ಸಣ್ಣ ಕೆಲಸವಾಗಿ ಇರುವ ಕೋಡನ್ನು ಓದಿ ವರದಿ ಕೊಡಲು ಹೇಳಿ: ಇದರಲ್ಲಿ ಉಳಿಸಿಕೊಳ್ಳುವಂಥದ್ದು ಎಷ್ಟಿದೆ?